ನಾನೂರು ಗ್ರಾಂ ದಿಂಬು

ಆ ಭಾನುವಾರದ ರಗಳೆಯೆಲ್ಲ ಹುಟ್ಟಿದ್ದು ಒಂದು ದಿಂಬಿನಿಂದ.

ಬೆಳಗ್ಗೆ ಎದ್ದವನೇ ಮುಖ ಕೂಡ ತೊಳೆಯದೆ ತಕ್ಕಡಿಯಣ್ಣ ಶೆಡ್ಡಿಗೆ ನುಗ್ಗಿದ. ತಾನೇ ಕೈಯಾರೆ ಜೋಡಿಸಿದ ಪುಟ್ಟ ಕಾರನ್ನು ಮೂರು ಸುತ್ತು ಸುತ್ತಿದ. ಕಿತ್ತು ಹಾಕುವಂಥದ್ದು ಇನ್ನೇನಾದರೂ ಉಳಿದಿದೆಯೇ ಎಂದು ಹುಡುಕಿದ. ಸೀಟಿನ ಮೇಲೆ ಹೆಂಡತಿ ಹೊಲಿದಿಟ್ಟ ನೀಲಿ ದಿಂಬು ಕಣ್ಣಿಗೆ ಬಿತ್ತು. ತಕ್ಕಡಿಗೆ ಹಾಕಿದ. ನಾನೂರು ಗ್ರಾಂ!

"ಅಯ್ಯೋ, ಇಷ್ಟು ದಿನ ಈ ಹೆಣಭಾರ ಹೊತ್ಕೊಂಡಿತ್ತಲ್ಲಪ್ಪಾ ನನ್ನ ಕಾರು!" ಎಂದು ಅದನ್ನು ಬಾಗಿಲಾಚೆ ಎಸೆದ. ಅದು ಹೋಗಿ ಬಿದ್ದದ್ದು ಹಲ್ಲುಜ್ಜುತ್ತಾ ನಿಂತಿದ್ದ ಹೆಂಡತಿಯ ಕಾಲ ಬಳಿ.

"ಏನ್ರೀ ಇದು?"

"ತೂಕ ಕಣೇ, ತೂಕ! ಇವತ್ತು ಒಂದೊಂದು ಗ್ರಾಮೂ ಲೆಕ್ಕಕ್ಕೆ ಬರುತ್ತೆ."

"ನಿಮ್ಮ ಹೊಟ್ಟೆಯೂ ಲೆಕ್ಕಕ್ಕೆ ಬರುತ್ತೋ, ಬರೀ ನನ್ನ ದಿಂಬೋ?"

ಆಕೆ ದಿಂಬಿನ ಧೂಳು ಕೊಡವಿ ತನ್ನ ಹೊಲಿಗೆ ಚೀಲಕ್ಕೆ ತುರುಕಿಕೊಂಡು ಒಳಗೆ ಹೋದಳು.

ಹತ್ತೊಂಬತ್ತು ವರ್ಷ ಅಂಚೆ ಕಚೇರಿಯ ಪಾರ್ಸೆಲ್ ಕಿಟಕಿಯಲ್ಲಿ ಕೂತು ಗಂಟುಗಳನ್ನು ತೂಗಿ ತೂಗಿ, ಎದುರಿಗೆ ಬಂದವರ ಮುಖಕ್ಕಿಂತ ಮೊದಲು ತೂಕ ಕಾಣುವ ಚಟ ಅವನಿಗೆ ಹಿಡಿದಿತ್ತು. ಹಾಗಾಗಿಯೇ ಓಣಿಯವರೆಲ್ಲ ತಕ್ಕಡಿಯಣ್ಣ ಎನ್ನುತ್ತಿದ್ದರು. ಮೂರು ವರ್ಷದ ಹಿಂದೆ ಹನ್ನೊಂದು ಪೆಟ್ಟಿಗೆ ತುಂಬ ಕಾರಿನ ಬಿಡಿಭಾಗಗಳನ್ನು ತರಿಸಿದ. ಜೊತೆಗೊಂದು ಪುಸ್ತಕ. ಅದನ್ನು ನೋಡಿ ನೋಡಿ ಮನೆಯಲ್ಲೇ ಕಾರು ಕಟ್ಟಬೇಕು. ಕಾರು ಹಗುರವಾದಷ್ಟೂ ಓಟ ಚುರುಕು ಎಂದು ಪುಸ್ತಕ ಒಂದು ಕಡೆ ಹೇಳಿತ್ತು. ಇವನು ಅದೊಂದನ್ನೇ ಹಿಡಿದುಕೊಂಡ. ತಗಡುಗಳಿಗೆಲ್ಲ ಜರಡಿಯ ಹಾಗೆ ತೂತು ಕೊರೆದ. ಹಾರನ್ ಕಿತ್ತು ಸೈಕಲ್ ಬೆಲ್ ಹಾಕಿದ. ಸೀಟು ಹಿಂದೆ ಮುಂದೆ ಜಾರುವ ಕಂಬಿ ಎರಡು ಕಿಲೋ ಇದೆ ಎಂದು ತೆಗೆದು, ಹೆಂಡತಿ ಕೂತಾಗ ಇದ್ದಲ್ಲೇ ಸೀಟನ್ನು ನಾಲ್ಕು ಬೋಲ್ಟು ಹೊಡೆದು ನೆಲಕ್ಕೇ ಕೂರಿಸಿಬಿಟ್ಟ.

ಕೊನೆಗೆ ಉಳಿದದ್ದು ಸ್ಪ್ರಿಂಗುಗಳನ್ನು ಹದ ಮಾಡುವುದು. ಕಚೇರಿಯವರು ಎಸೆದಿದ್ದ ನಾಲ್ಕು ಹಳೆಯ ತೂಕದ ಯಂತ್ರಗಳನ್ನು ರಿಪೇರಿ ಮಾಡಿ ನಾಲ್ಕು ಚಕ್ರದ ಕೆಳಗಿಟ್ಟ. ಚಾಲಕನ ಜಾಗದಲ್ಲಿ ಯಾರಾದರೂ ಕೂತಿರಬೇಕು, ಕೆಳಗೆ ಮಲಗಿದವನು ಸ್ಪ್ರಿಂಗು ತಿರುಗಿಸುತ್ತಾ ಹೋಗಬೇಕು. ಆರು ತಿಂಗಳು ದಿನಾ ಸಂಜೆ ಇದೇ ಕೆಲಸ. ಮೇಲೆ ಹೆಂಡತಿ ಸೂಜಿ ಹಿಡಿದು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು, ಕೆಳಗೆ ಗಂಡ ಸ್ಪಾನರ್ ಹಿಡಿದು ಮಲಗಿರುತ್ತಿದ್ದ. ದಾರ ಮುಗಿದರೆ ಆಕೆ ಬೇಜಾರಿಗೆ ಸ್ಟೀರಿಂಗ್ ತಿರುಗಿಸುತ್ತಾ, ಗೇರು ಬದಲಾಯಿಸುತ್ತಾ ಕೂರುತ್ತಿದ್ದಳು. "ಬಲಕ್ಕೆ ವಾಲ್ತಾ ಇದೆ ಕಣ್ರೀ," ಎಂದು ಒಮ್ಮೊಮ್ಮೆ ಕೂಗುತ್ತಿದ್ದಳು. "ನಿನಗೇನು ಗೊತ್ತಾಗುತ್ತೆ," ಎಂದು ಬೈದು ಇವನು ಯಂತ್ರ ನೋಡಿದರೆ ನಿಜವಾಗಿಯೂ ಬಲಕ್ಕೆ ವಾಲಿರುತ್ತಿತ್ತು.

ಆ ಶೆಡ್ಡು ಮೊದಲು ಆಕೆಯ ಹೊಲಿಗೆಗೆಂದು ಮಾತಾಗಿದ್ದ ಜಾಗ. "ಮೂರೇ ತಿಂಗಳು," ಎಂದು ತೆಗೆದುಕೊಂಡವನು ಮೂರು ವರ್ಷ ಬಿಡಲಿಲ್ಲ. ಆಕೆ ಅಡುಗೆಮನೆಯ ದಾರಿಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು, ಹೋಗುವವರ ಬರುವವರ ಮೊಣಕಾಲು ತಗುಲಿಸಿಕೊಂಡು ಹೊಲಿದಳು. ಕಡೆಗೆ ಬಡಗಿಯಾಗಿದ್ದ ಆಕೆಯ ತಮ್ಮ ನಡುವೆ ಬಂದು ತೀರ್ಮಾನ ಹೇಳಿದ: "ಭಾವಾ, ಭಾನುವಾರ ಆಟೋಕ್ರಾಸ್ ಕಾರ್ ಪಂದ್ಯ ಅಂತೀರಲ್ಲ, ಅಲ್ಲಿಂದ ಈ ಕಾರು ಕಪ್ ತಂದರೆ ಶೆಡ್ಡು ಕಾರಿಗೆ. ತರಲಿಲ್ಲ ಅಂದ್ರೆ ಸಂಜೆ ಹೊತ್ತಿಗೆ ಕಾರು ಆಚೆ, ಅಕ್ಕನ ಮೇಜು ಒಳಗೆ."

ಗಂಡ ಹೆಂಡತಿ ಇಬ್ಬರೂ ಹೂಂ ಎಂದಿದ್ದರು.

ಈಗ ಗೇಟಿನ ಹತ್ತಿರ ಸದ್ದಾಯಿತು. ನೋಡಿದರೆ ಭಾವಮೈದ ಎಂಟು ಅಡಿ ಉದ್ದದ ಬಟ್ಟೆ ಕತ್ತರಿಸುವ ಮೇಜನ್ನು ತಳ್ಳುಗಾಡಿಯಿಂದ ಇಳಿಸುತ್ತಿದ್ದಾನೆ.

"ಸಂಜೆಗೆ ಅಂದಿದ್ದಲ್ಲವೇನೋ?"

"ಇಲ್ಲೇ ನಿಂತಿರಲಿ ಬಿಡಿ ಭಾವ. ಮತ್ತೆ ಯಾರು ಹೊತ್ತು ತರ್ತಾರೆ."

ಮೇಜು ಗೇಟಿಗೆ ಒರಗಿ ನಿಂತು, ಕರೆಯದೆ ಬಂದ ನೆಂಟನ ಹಾಗೆ ಶೆಡ್ಡಿನ ಕಡೆಗೇ ನೋಡುತ್ತಿತ್ತು. ತಕ್ಕಡಿಯಣ್ಣನ ಬಲಗಾಲು ತನ್ನಷ್ಟಕ್ಕೆ ಕುಣಿಯತೊಡಗಿತು. ಅದು ಆ ದಿನ ಮತ್ತೆ ನಿಲ್ಲಲಿಲ್ಲ.

ಎದುರು ಮನೆಯ ಬಸ್ಸಜ್ಜ ಬಂದ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಕಾರಿನ ಸುತ್ತ ನೋಡಿ, "ಬ್ಯಾಟರಿ ಹಿಡಿಯೋ ಕಬ್ಬಿಣದ ಪಟ್ಟಿ ಭಾರ ಇದೆಯಲ್ಲಪ್ಪಾ," ಎಂದ. ತಕ್ಕಡಿಯಣ್ಣ ಹಿಂದೆ ಮುಂದೆ ನೋಡದೆ ಪಟ್ಟಿ ಬಿಚ್ಚಿ, ಬ್ಯಾಟರಿಯನ್ನು ಸೆಣಬಿನ ಹಗ್ಗದಿಂದ ಕಟ್ಟಿದ.

ಪಂದ್ಯ ನಡೆಯುವುದು ಖಾಲಿ ಗೋದಾಮಿನ ಸಿಮೆಂಟು ಅಂಗಳದಲ್ಲಿ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನುಗಳನ್ನು ಡೊಂಕು ಡೊಂಕಾಗಿ ಇಟ್ಟಿರುತ್ತಾರೆ. ಒಂದೊಂದೇ ಕಾರು ಅವುಗಳ ನಡುವೆ ನುಗ್ಗಿ ಹೊರಬರಬೇಕು. ಕೋನು ಬಿದ್ದರೆ ಒಂದಕ್ಕೆ ಎರಡು ಸೆಕೆಂಡು ದಂಡ. ಒಬ್ಬರಿಗೆ ಮೂರು ಓಟ, ಅದರಲ್ಲಿ ಒಳ್ಳೆಯದು ಲೆಕ್ಕಕ್ಕೆ. ಒಂದು ಕಾರಿನಲ್ಲಿ ಇಬ್ಬರು ಸರದಿಯಂತೆ ಓಡಿಸಬಹುದು. ನಡೆಸುವವರು ಕುತ್ತಿಗೆಗೆ ಸೀಟಿ ಹಾಕಿಕೊಂಡ ಒಬ್ಬ ಡ್ರಿಲ್ ಮಾಸ್ತರು.

ಹೆಸರು ಬರೆಸುವಾಗ ಭಾವಮೈದ ಮೂಗು ತೂರಿಸಿದ. "ಎರಡನೇ ಚಾಲಕ ನಾನು, ಬರೀರಿ ಮಾಸ್ತರೇ. ಭಾವನಿಗೆ ಸುಸ್ತಾದ್ರೆ ಒಬ್ಬರು ಬೇಕಲ್ಲ."

ಮಾಸ್ತರು ಕಾರು ತಪಾಸಣೆ ಮಾಡಿ ಬ್ಯಾಟರಿಯನ್ನು ಅಲ್ಲಾಡಿಸಿದರು. ಅದು ತೊಟ್ಟಿಲಿನ ಹಾಗೆ ತೂಗಿತು.

"ಇದೇನ್ರೀ ಹಗ್ಗ? ಇದನ್ನ ಬಿಗಿಯಾಗಿ ಕಟ್ಟೋ ತನಕ ಓಟಕ್ಕೆ ಬಿಡಲ್ಲ."

ತಕ್ಕಡಿಯಣ್ಣ ಬೆವರಿದ. ಬಸ್ಸಜ್ಜ ಆಕಾಶ ನೋಡಿದ. ಹೆಂಡತಿ ಚೀಲ ಬಿಚ್ಚಿ ದಪ್ಪ ಬಟ್ಟೆಯ ಪಟ್ಟಿ ತೆಗೆದಳು. ಅಲ್ಲೇ ಕೂತು ಬಕಲ್ ಇಟ್ಟು ಎರಡು ಸಾಲು ಹೊಲಿದು, ಬ್ಯಾಟರಿಗೆ ಬಿಗಿದಳು. ಮಾಸ್ತರು ಅಲ್ಲಾಡಿಸಿದರು. ಈ ಸಲ ಕಾರೇ ಅಲ್ಲಾಡಿತು, ಬ್ಯಾಟರಿ ಅಲ್ಲಾಡಲಿಲ್ಲ.

"ಇದೆಷ್ಟು ತೂಕ?" ಎಂದು ತಕ್ಕಡಿಯಣ್ಣ ಪಿಸುಗುಟ್ಟಿದ.

"ಸುಮ್ಮನೆ ಹೋಗಿ ಕೂತ್ಕೊಳ್ಳಿ."

ಅವನು ಕೂತ. ಕೂತ ಅನ್ನುವುದಕ್ಕಿಂತ ಮಡಿಸಿಕೊಂಡ ಅನ್ನಬೇಕು. ಉದ್ದನೆಯ ಆಳು. ಮೊಣಕಾಲು ಸ್ಟೀರಿಂಗಿನ ಎರಡೂ ಕಡೆ ಮಿಡತೆಯ ಕಾಲಿನಂತೆ ಮೇಲೆದ್ದವು. ಓಣಿಯಲ್ಲಿ ಹಿಂದೆ ಮುಂದೆ ಓಡಿಸಿದಾಗಲೂ ಹೀಗೇ ಆಗಿತ್ತು. ರೇಸ್ ಕಾರು ಅಂದಮೇಲೆ ಹಾಗೇ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದ.

ಸೀಟಿ ಮೊಳಗಿತು. ಮೊದಲನೇ ತಿರುವಿನಲ್ಲಿ ಮೊಣಕಾಲು ಸ್ಟೀರಿಂಗಿಗೆ ಸಿಕ್ಕಿಕೊಂಡಿತು. ಕಾರು ಬಲಕ್ಕೆ ಒರಗಿ ಕೋನುಗಳ ಮೇಲೆ ಹರಿಯಿತು. ಐದು ಉರುಳಿದವು. ಆರನೆಯದು ಕಾರಿನ ಹೊಟ್ಟೆಗೆ ಸಿಕ್ಕಿ, ಕೊನೆಯ ತನಕ ಕಿರುಚುತ್ತಾ ಜೊತೆಯಲ್ಲೇ ಬಂತು.

"ಪರವಾಗಿಲ್ಲ ಭಾವ! ಒಂದನ್ನಾದ್ರೂ ಮನೆಗೆ ತಂದ್ರಲ್ಲ!" ಭಾವಮೈದ ಚಪ್ಪಾಳೆ ತಟ್ಟಿದ.

"ಬಲಕ್ಕೆ ಒರಗುತ್ತೆ. ಎಡಗಡೆ ಭಾರ ಹಾಕು," ಎಂದ ಬಸ್ಸಜ್ಜ. ಮೂರು ವರ್ಷ ಗ್ರಾಂ ಗ್ರಾಂ ಕೆರೆದವನ ಮಡಿಲಿಗೆ ಎರಡು ಇಟ್ಟಿಗೆ ತಂದು ಹಾಕಿದ. ತಕ್ಕಡಿಯಣ್ಣ ಅಳುಮುಖ ಮಾಡಿಕೊಂಡು ಅವನ್ನು ಎಡಗಡೆ ಕಟ್ಟಿದ. ಎರಡನೇ ಓಟದಲ್ಲಿ ಕಾರು ಬುಗುರಿಯಂತೆ ಗಿರಗಿರ ತಿರುಗಿ, ಮಾಸ್ತರ ಮೇಜಿಗೆ ಮುಖ ಮಾಡಿ ನಿಂತಿತು. ಮಾಸ್ತರು ಆಗಲೇ ಮೇಜಿನ ಮೇಲೆ ಹತ್ತಿ ನಿಂತಿದ್ದರು.

ಇಟ್ಟಿಗೆ ತೆಗೆದು ಮೂರನೇ ಓಟಕ್ಕೆ ಹೋದ. ಈ ಸಲ ಒಂದು ಕೋನೂ ಬೀಳಲಿಲ್ಲ, ಯಾಕೆಂದರೆ ಅವನು ಕೋನುಗಳ ಸಾಲನ್ನೇ ಬಿಟ್ಟು ಪಕ್ಕದ ದಾರಿಯಲ್ಲಿ ಹೋಗಿ ಗೋದಾಮಿನ ಬಾಗಿಲು ಸೇರಿದ್ದ.

ಅಂದಿನ ಒಳ್ಳೆಯ ಓಟ ಕೆಂಪು ಕಾರಿನವನದು, ಐವತ್ತೊಂದು ಸೆಕೆಂಡು. ತಕ್ಕಡಿಯಣ್ಣನದು ದಂಡ ಸೇರಿ ಎಂಬತ್ತನಾಲ್ಕು. ಅವನ ಕಣ್ಣ ಮುಂದೆ ಎಂಟು ಅಡಿ ಮೇಜು ಮೆಲ್ಲಗೆ ಶೆಡ್ಡಿನೊಳಗೆ ನಡೆದು ಹೋಯಿತು.

"ಇಪ್ಪತ್ತನೇ ನಂಬರ್ ಕಾರು, ಎರಡನೇ ಚಾಲಕ!" ಮಾಸ್ತರು ಕೂಗಿದರು.

ಭಾವಮೈದ ಮೀಸೆ ತಿರುವಿ ಕಾರು ಹತ್ತಿದ. ಆಳು ಬಟ್ಟೆ ಬೀರುವಿನಷ್ಟು ಅಗಲ. ಸೊಂಟದ ತನಕ ಇಳಿದವನು ಅಲ್ಲೇ ಕಚ್ಚಿಕೊಂಡ. ಮುಂದೆ ಹೋಗಲೊಲ್ಲ, ಹಿಂದೆ ಬರಲೊಲ್ಲ. ನಾಲ್ಕು ಜನ ಕಂಕುಳಿಗೆ ಕೈ ಹಾಕಿ ಬಾಟಲಿಯ ಬಿರಡೆ ಕಿತ್ತ ಹಾಗೆ ಕಿತ್ತರು.

"ಅಕ್ಕಾ, ಬಾಗಿಲೇ ಇಲ್ಲದ ಇದನ್ನ ಕಾರು ಅಂತ ಯಾರು ಅಂದದ್ದು?" ಎಂದು ಸೊಂಟ ಉಜ್ಜಿಕೊಂಡ.

"ಹಾಗಾದ್ರೆ ಹೊಡೆದು ಹಾಕ್ಲಾ ಈ ನಂಬರು?" ಮಾಸ್ತರು ಪೆನ್ನು ಎತ್ತಿದರು.

"ತಾಳಿ," ಎಂದಳು ಹೆಂಡತಿ. "ಇವನ ಬದಲು ನಾನು ಕೂರಬಹುದಾ?"

"ಲೈಸೆನ್ಸ್ ಇದೆಯೇನಮ್ಮ?"

"ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಹೋಗಿದ್ವಿ. ನಾನು ಮೊದಲನೇ ಸಲಕ್ಕೇ ಪಾಸಾದೆ," ಎಂದು ಗಂಡನ ಕಡೆ ನೋಡಿದಳು. ಅವನು ಎಷ್ಟನೇ ಸಲಕ್ಕೆ ಎಂದು ಹೇಳಲಿಲ್ಲ.

"ಬೇಡ ಕಣೇ, ಅದು ಪಳಗಿದವರಿಗೇ ಬಗ್ಗಲ್ಲ!"

ಆಕೆ ಚೀಲದಿಂದ ನೀಲಿ ದಿಂಬು ತೆಗೆದು ಸೀಟಿಗೆ ಹಾಕಿ, ಅದರ ಮೇಲೆ ಕೂತು, ಹೆಲ್ಮೆಟ್ ಬಿಗಿದಳು. ಕಾಲು ಸರಿಯಾಗಿ ಕ್ಲಚ್ಚಿನ ಮೇಲೆ ಬಿತ್ತು. ಕೈ ನೋಡದೆಯೇ ಗೇರು ಹಿಡಿಯಿತು.

ಸೀಟಿ ಮೊಳಗಿತು. ಅಷ್ಟು ಹೊತ್ತು ಹಟ ಹಿಡಿದಿದ್ದ ಕಾರು ಬಟ್ಟೆಯೊಳಗೆ ಸೂಜಿ ಹೋದಂತೆ ಕೋನುಗಳ ನಡುವೆ ಒಳಗೆ ಹೊರಗೆ, ಒಳಗೆ ಹೊರಗೆ ಓಡಿತು. ಒಂದೂ ಅಲುಗಲಿಲ್ಲ. ಕೊನೆಯ ತಿರುವಿನಲ್ಲಿ ಆಕೆ ಸೈಕಲ್ ಬೆಲ್ ಕೂಡ ಬಾರಿಸಿದಳು.

ಮಾಸ್ತರು ಗಡಿಯಾರ ನೋಡಿ, ಕುಲುಕಿ, ಮತ್ತೆ ನೋಡಿದರು. "ನಲವತ್ತೊಂಬತ್ತು!"

ತಕ್ಕಡಿಯಣ್ಣನ ಬಾಯಿ ಪಾರ್ಸೆಲ್ ಕಿಟಕಿಯಂತೆ ತೆರೆದೇ ಉಳಿಯಿತು. ಬಸ್ಸಜ್ಜ ಅವನ ಜೇಬಿನಿಂದ ಅವನು ತೂಕ ಬರೆದಿಡುತ್ತಿದ್ದ ಪುಟ್ಟ ಪುಸ್ತಕ ಎಳೆದು ಕನ್ನಡಕ ಏರಿಸಿಕೊಂಡ.

"ಸ್ಪ್ರಿಂಗು ಹದ ಮಾಡಿದ್ದು ಬರೆದಿದ್ದೀಯಲ್ಲ. 'ಚಾಲಕನ ಸೀಟಿನಲ್ಲಿ ಐವತ್ತೆರಡು ಕಿಲೋ.' ನಿನ್ನ ತೂಕ ಎಷ್ಟಪ್ಪಾ?"

"ಎಂಬತ್ತೊಂದು..."

"ಮತ್ತೆ ಈ ಐವತ್ತೆರಡು ಯಾರದ್ದು?"

ಎಲ್ಲರೂ ಕಾರಿನಿಂದ ಇಳಿದು ದಿಂಬು ಕೊಡವುತ್ತಿದ್ದವಳ ಕಡೆ ತಿರುಗಿದರು. ಮೊಳೆ ಮೊಳೆ ತೂಗಿದ ಮನುಷ್ಯ, ಆರು ತಿಂಗಳು ದಿನಾ ಹೆಂಡತಿಯನ್ನು ತೂಗಿ, ಆಕೆಯ ಕಾಲಿಗೆ, ಆಕೆಯ ಕೈಗೆ, ಆಕೆಯ ದಿಂಬಿಗೆ ಸರಿಯಾಗಿ ಕಾರು ಕಟ್ಟಿಕೊಟ್ಟಿದ್ದ.

ಆದರೂ ಕಪ್ ಹಿಡಿದು ಮನೆಗೆ ಬರುವ ದಾರಿಯಲ್ಲಿ ಅವನಿಗೆ ಹುರುಪು ಬಂತು. "ಕಪ್ ಬಂತೋ ಇಲ್ವೋ? ಶೆಡ್ಡು ಕಾರಿಗೆ. ಮಾತು ಮಾತೇ!"

"ಹೌದು ಭಾವ," ಎಂದ ಭಾವಮೈದ. ಶೆಡ್ಡಿಗೆ ಹೋಗದ ಮೇಜನ್ನು ಬೇರೆ ದಾರಿಯಿಲ್ಲದೆ ನಡುಮನೆಯೊಳಗೆ ನೂಕಿದ. ಅದಕ್ಕೆ ಜಾಗ ಮಾಡಲು ತಕ್ಕಡಿಯಣ್ಣನ ಮಂಚ ಹೊರಜಗಲಿಗೆ ಬಂತು. ಗೆದ್ದ ಕಪ್ ಆ ಮೇಜಿನ ಮೇಲೆ ಕೂತಿತು.

"ಹೋಗಲಿ. ನಾಳೆಯೇ ಸೀಟು ಹಿಂದಕ್ಕೆ ಹಾಕ್ತೀನಿ, ಸ್ಪ್ರಿಂಗು ನನ್ನ ತೂಕಕ್ಕೆ ಮಾಡ್ತೀನಿ. ಮುಂದಿನ ತಿಂಗಳು ನೋಡು!"

"ಮುಟ್ಟಿದ್ರೆ ನೋಡಿ," ಎಂದಳು ಹೆಂಡತಿ. "ಮುಂದಿನ ತಿಂಗಳಿಗೆ ಮಾಸ್ತರು ಆಗಲೇ ನನ್ನ ಹೆಸರು ಬರೆದುಕೊಂಡ್ರು."

ಮಾರನೆಯ ಸಂಜೆ ಶೆಡ್ಡಿನಲ್ಲಿ ಎಂದಿನ ಹಾಗೇ ದೀಪ ಹತ್ತಿತ್ತು. ಕಾರಿನ ಕೆಳಗಿನಿಂದ ಎರಡು ಉದ್ದನೆಯ ಕಾಲು ಚಾಚಿಕೊಂಡಿದ್ದವು. ಬಲಗಾಲು ಇನ್ನೂ ಕುಣಿಯುತ್ತಲೇ ಇತ್ತು. ಮೇಲೆ ಸ್ಟೀರಿಂಗ್ ಹಿಡಿದು ಕೂತವಳ ಕೈಯಲ್ಲಿ ಸೂಜಿ ಇರಲಿಲ್ಲ.

"ಎಡಕ್ಕೆ ಚೂರು ಎಳೀತಿದೆ ಕಣ್ರೀ. ಇನ್ನೊಂದು ಸುತ್ತು ತಿರುಗಿಸಿ... ಸಾಕು. ಇನ್ನು ಕೈ ತೊಳ್ಕೊಂಡು ಬನ್ನಿ, ಮೇಜಿನ ಮೇಲೆ ಎರಡು ಡಜನ್ ಅಂಗಿ ಇದೆ. ಬೆಳಗಾಗೋ ಹೊತ್ತಿಗೆ ಗುಂಡಿ ಆಗಬೇಕು."