ಬೆನ್ನು ಹಿಡಿದವರ ಸಹವಾಸ

ಹಲಸೂರಿನಲ್ಲಿ ನನ್ನದೊಂದು ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಬರೋರಲ್ಲಿ ಬೆನ್ನಿನ ಸ್ನಾಯು ಉಳುಕಿದವರೇ ಹೆಚ್ಚು. ಉಳುಕಿಗೆ ಮದ್ದು ಸುಲಭ. ಸ್ವಲ್ಪ ದಿನ ಭಾರ ಎತ್ತಬಾರದು, ಹಾಗಂತ ಹಾಸಿಗೆಯನ್ನೂ ಹಿಡಿಯಬಾರದು. ಶಾಖ ಕೊಟ್ಟುಕೊಂಡು ಮೆಲ್ಲಗೆ ಓಡಾಡ್ತಿದ್ರೆ ಬಹಳಷ್ಟು ಉಳುಕು ತಾನೇ ವಾಸಿ ಆಗುತ್ತೆ. ಕಷ್ಟ ಇರೋದು ಬೆನ್ನಿನಲ್ಲಲ್ಲ, ಅದರ ಮೇಲಿರೋ ತಲೆಯಲ್ಲಿ. ಹಾಗಾಗಿ ನಮ್ಮ ಕ್ಲಿನಿಕ್ಕಿನಲ್ಲಿ ನಗುವಿಗೆ ಬರವಿಲ್ಲ.

ವಠಾರದ ಎಣ್ಣೆ

ರಸೆಲ್ ಮಾರುಕಟ್ಟೆಯಲ್ಲಿ ಈರುಳ್ಳಿ ಮೂಟೆ ಹೊರುವ, ಕಲಬುರಗಿ ಕಡೆಯವರೊಬ್ಬರು ಬಂದರು. ಅಂಗಿ ಬಿಚ್ಚಿದರೆ ಬೆನ್ನು ಕನ್ನಡಿ ಹಾಗೆ ಹೊಳೀತಿತ್ತು. ನೋವಿರೋದೆಲ್ಲಿ ಅಂತ ಒತ್ತಿ ನೋಡೋಣ ಅಂದ್ರೆ ನನ್ನ ಕೈ ಸುಯ್ಯನೆ ಜಾರಿ ಮಂಚಕ್ಕೆ ಬಡೀತು.

"ಏನ್ರೀ ಇದು?"

"ಎಣ್ಣಿ ಮೇಡಂ. ಬಾಜೂ ಖೋಲಿಯವ್ರು ಬೇವಿಂದು ಕೊಟ್ರು, ಮಾಲಕರು ಔಡಲದ್ದು, ಎದುರಮನಿ ಅಜ್ಜಿ ಸಾಸವಿದು."

"ಯಾವುದರಿಂದ ಕಮ್ಮಿ ಆಯ್ತು?"

"ಯಾವ್ದರಿಂದೂ ಇಲ್ರೀ. ಆದ್ರ ಒಬ್ಬರ್ದು ಹಚ್ಚಿ ಒಬ್ಬರ್ದು ಬಿಟ್ರ ಸಿಟ್ಟಿಗೇಳ್ತಾರ್ರೀ. ಅದಕ್ಕ ಎಲ್ಲಾ ಹಚ್ಚೀನಿ."

ಬೆನ್ನು ಒರೆಸಿ, ಶಾಖ ಕೊಟ್ಟು, ಹುಷಾರಾಗೋವರೆಗೆ ಏನೇನು ಮಾಡಬಾರದು ಅಂತ ವಿವರವಾಗಿ ಹೇಳಿದೆ. ಎಲ್ಲಕ್ಕೂ ತಲೆಯಾಡಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಭಾರೀ ಸಂಕೋಚದಿಂದ ಕೇಳಿದರು:

"ಮೇಡಂ, ನಿಮ್ಮ ಎಣ್ಣಿ ಯಾವ್ದಂತ ಹೇಳ್ಲೇ ಇಲ್ಲಲ್ರೀ?"

ಮಸಾಜ್ ಕುರ್ಚಿ

ಟಿನ್ ಫ್ಯಾಕ್ಟರಿ ಆಚೆ ಹಳೇ ಊರಿನ ಯಜಮಾನರೊಬ್ಬರು. ಅವರ ತಾತ ರಾಗಿ ಬೆಳೀತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ. ಗೋಡೆ ಹಿಡ್ಕೊಂಡು ಒಳಗೆ ಬಂದರು.

"ಏನ್ ಎತ್ತಿದ್ರಿ ಸಾರ್?"

"ಮಸಾಜ್ ಕುರ್ಚಿ ಮೇಡಂ. ಬೆನ್ನುನೋವಿಗೇಂತ ತರಿಸ್ದೆ. ಅಂಗಡಿಯವ್ರು ಎತ್ತಿದ್ರೆ ಗೀರು ಬೀಳುತ್ತೆ ಅಂತ ನಾನೂ ತಮ್ಮಾನೂ ಸೇರಿ ಮಹಡಿಗೆ ಹತ್ತಿಸಿದ್ವಿ."

"ಮುಂಚೆ ನೋವಿತ್ತಾ?"

"ಇಲ್ಲ. ಮುಂದೆ ಬಂದ್ರೆ ಬೇಕಲ್ಲ ಅಂತ."

"ಸರಿ, ಬಂತಲ್ಲ. ಕುರ್ಚಿ ಹೇಗಿದೆ?"

"ಗೊತ್ತಿಲ್ಲ ಮೇಡಂ. ನಮ್ಮತ್ತೆ ಕೂತವ್ರು ಇನ್ನೂ ಎದ್ದಿಲ್ಲ."

ಹಗುರವಾದ ಕೆಲಸ

ವಿಮಾನಪುರದಿಂದ ಗಂಡ ಹೆಂಡತಿ ಬಂದಿದ್ದರು. ಉಳುಕಿದ್ದು ಗಂಡನಿಗೆ. "ಮಲಗಿಬಿಡಬೇಡಿ. ಮನೇಲಿ ಹಗುರವಾದ ಕೆಲಸ ಮಾಡ್ಕೊಂಡು ಓಡಾಡ್ತಿರಿ" ಅಂದೆ.

ಹೆಂಡತಿ ಸರಕ್ಕನೆ ಫೋನ್ ತೆಗೆದು ನನ್ನ ಬಾಯಿ ಹತ್ರ ಹಿಡಿದರು. "ಇನ್ನೊಂದ್ಸಲ ಹೇಳಿ ಡಾಕ್ಟ್ರೇ, ರೆಕಾರ್ಡ್ ಮಾಡ್ಕೋತೀನಿ."

ಗಂಡನ ಮುಖ ಬಾಡಿತು. "ಮೇಡಂ, ತಪ್ಪು ತಿಳ್ಕೋಬೇಡಿ. ಇಲ್ಲಿ ಹತ್ರದಲ್ಲಿ ಬೇರೆ ಯಾರಾದ್ರೂ ಒಳ್ಳೇ ಡಾಕ್ಟ್ರಿದಾರಾ?"

ಸನ್ಮಾನ

ಇಂದಿರಾನಗರದ ಹಿರಿಯರ ಸಂಘವೊಂದು ಬೆನ್ನಿನ ಬಗ್ಗೆ ಮಾತಾಡೋಕೆ ನನ್ನನ್ನ ಕರೆದಿತ್ತು. ವೇದಿಕೆ ಮೇಲೆ ಪುಸ್ತಕ ತುಂಬಿದ ಪೆಟ್ಟಿಗೆ ಇಡಿಸಿದ್ದೆ. "ಮೊದಲು, ಹೇಗೆ ಎತ್ತಬಾರದು ನೋಡಿ" ಅಂತ ಮಂಡಿ ಮಡಚದೆ, ಸೊಂಟ ಬಗ್ಗಿಸಿ ಪೆಟ್ಟಿಗೆ ಎಳೆದೆ. ಬೆನ್ನಲ್ಲಿ ಚಳಕ್ ಅಂತು. ಪೆಟ್ಟಿಗೆ ಅಲ್ಲೇ ಇತ್ತು, ನಾನೂ ಅಲ್ಲೇ ಇದ್ದೆ.

ಚಪ್ಪಾಳೆಯೋ ಚಪ್ಪಾಳೆ. "ಎಷ್ಟು ನ್ಯಾಚುರಲ್ ಆಗಿ ಮಾಡ್ತಾರೆ!" ಅಂದರು ಮುಂದಿನ ಸಾಲಿನ ಒಬ್ಬ ಆಂಟಿ.

"ಈಗ ಸರಿಯಾದ್ದು ತೋರ್ಸಿ ಮೇಡಂ."

"ಅದಕ್ಕೆ ಮೊದಲು ಪ್ರಶ್ನೆ ಕೇಳಿ" ಅಂದೆ, ಮರ್ಯಾದೆ ಬಿಡದೆ. ಮಂಡಿನೋವು, ಕತ್ತುನೋವು, ಸೊಸೆಯ ಬೆನ್ನುನೋವು ಎಲ್ಲಕ್ಕೂ ನೆಲ ನೋಡಿಕೊಂಡೇ ಉತ್ತರ ಕೊಟ್ಟೆ. ಅಷ್ಟರಲ್ಲಿ ಸನ್ಮಾನ ಶುರುವಾಯ್ತು. ಬಗ್ಗಿದ ಬೆನ್ನ ಮೇಲೆ ಶಾಲು ಹಾಕಿದರು, ಅದು ಜಾರಿ ತಲೆ ಮೇಲೆ ಬಿತ್ತು. "ವಿದ್ಯೆಗೆ ವಿನಯವೇ ಭೂಷಣ" ಅಂತ ನಿರೂಪಕರು ಮೈಕಿನಲ್ಲಿ ಗದ್ಗದಿತರಾದರು.

ಹಣ್ಣಿನ ಬುಟ್ಟಿ ಹಿಡಿದು ಅಧ್ಯಕ್ಷರು ನನ್ನೆದುರು ಬಂದು ನಿಂತರು. ಶಾಲಿನ ಸಂದಿಯಿಂದ ನನಗೆ ಕಂಡಿದ್ದು ಅವರ ಚಪ್ಪಲಿ ಮಾತ್ರ. ಅವರು ನನ್ನ ತಲೆ ಮೇಲೆ ಕೈಯಿಟ್ಟು, "ದೀರ್ಘಸುಮಂಗಲಿ ಭವ! ಸಾಕಮ್ಮ, ಸಾಕು, ಏಳು" ಅಂದರು.

"ಏಳೋಕಾಗಿದ್ರೆ ನಿಮ್ಮ ಕಾಲ್ಹತ್ರ ನಂಗೇನ್ ಕೆಲ್ಸ ಸಾರ್! ಯಾರಾದ್ರೂ ಎಬ್ಬಿಸ್ರೀ!" ಅಂತ ಕಿರುಚಿಕೊಂಡೆ.

ಅದಕ್ಕೂ ಚಪ್ಪಾಳೆ ಬಿತ್ತು.