ಕಲ್ಲೆಸೆಯದೆ ದಾಟಲಾಗದ ಗೇಟು

ನೀವು ನಂಬುವುದಿಲ್ಲ, ಗೊತ್ತು. ಆದರೂ ಹೇಳಿಬಿಡುತ್ತೇನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ಜಾಲಾಡಿದರೂ ಕಳ್ಳಹೆಜ್ಜೆಯ ವಿಡಿಯೋ ಆಟವನ್ನು ನನ್ನಷ್ಟು ಚೆನ್ನಾಗಿ ಆಡುವ ಎಪ್ಪತ್ತೆರಡರ ಮುದುಕ ಇನ್ನೊಬ್ಬ ಸಿಗುವುದಿಲ್ಲ. ಸಿಕ್ಕರೆ ಕರೆದುಕೊಂಡು ಬನ್ನಿ. ಅವನ ಜೇಬಿನಿಂದ ಬೀಡಿ ಕಟ್ಟು ಎಗರಿಸಿ, ಅದರಲ್ಲೇ ಒಂದನ್ನು ಅವನಿಗೆ ಸೇದಲು ಕೊಟ್ಟು, ಥ್ಯಾಂಕ್ಸ್ ಹೇಳಿಸಿಕೊಂಡು ಕಳಿಸುತ್ತೇನೆ. ಸುಳ್ಳು ಅನ್ನುವವರು ಕೊನೆಯವರೆಗೆ ಓದಿ, ಆಮೇಲೂ ಸುಳ್ಳು ಅನ್ನಿ, ನೋಡೋಣ. ಕಳ್ಳಹೆಜ್ಜೆಯ ಆಟ ಅಂದರೆ ಇಷ್ಟೇ: ಇದರಲ್ಲಿ ಹೊಡೆದಾಡಿ ಗೆಲ್ಲುವಂತಿಲ್ಲ. ಕಾವಲುಗಾರರ ಕಣ್ಣಿಗೆ, ಕಿವಿಗೆ ಬೀಳದೆ ಒಳಗೆ ಹೋಗಿ, ಹೋದ ಕೆಲಸ ಮುಗಿಸಿ, ಹೊರಗೆ ಬರಬೇಕು. ನನ್ನಂಥವನಿಗೇ ಮಾಡಿಸಿದ ಹಾಗಿದೆ.

ಈ ಆಟ ನನ್ನ ಕೈಗೆ ಬರಲು ಕಾರಣ ಒಂದು ಕೋತಿ. ಹೋದ ವರ್ಷ ಮನೆಮಂದಿಯೆಲ್ಲ ಸಿದ್ದರಬೆಟ್ಟ ಹತ್ತುತ್ತಿದ್ದೆವು. ಹಿಂದೆ ಉಳಿದಿದ್ದ ನನ್ನ ಷಡ್ಡಕನನ್ನು ಹೆದರಿಸೋಣ ಅಂತ ಬಂಡೆಯ ಮರೆಯಲ್ಲಿ ಕೂತು ಕೋತಿಯ ಹಾಗೆ ಗುರುಗುಟ್ಟಿದೆ. ಎಷ್ಟು ಚೆನ್ನಾಗಿ ಗುರುಗುಟ್ಟಿದೆನೆಂದರೆ ನಿಜವಾದ ಗಡವ ಕೋತಿಯೊಂದು ವಿಚಾರಿಸಲು ಬಂತು. ಬೆಟ್ಟದಿಂದ ಎಲ್ಲರೂ ಮೆಟ್ಟಿಲಿನ ಮೇಲೆ ಇಳಿದರು, ನಾನು ಅದರ ಪಕ್ಕದಲ್ಲಿ ಇಳಿದೆ. ಮೊಣಕಾಲಿಗೆ ಮೂರು ತಿಂಗಳು ಕಟ್ಟು. ಆದರೂ ಸುಮ್ಮನಿರಲಾಗುತ್ತದೆಯೆ? ಮಲಗಿದಲ್ಲಿಂದಲೇ ಹಾಲಿನವನಿಗೆ ಫೋನು ಮಾಡಿ, ದನಿ ಬದಲಿಸಿ, "ನಾಳೆಯಿಂದ ಹಾಲು ಬೇಡ, ನಾವೇ ಎಮ್ಮೆ ತಂದ್ವಿ" ಅಂದೆ. ಮೂರು ದಿನ ಮನೆಯಲ್ಲಿ ಕರಿ ಕಾಫಿ. ನಾಲ್ಕನೆಯ ದಿನ ನನ್ನ ಹೆಂಡತಿ ಜಯಮ್ಮ ಅಳಿಯ ಮಂಜುವಿಗೆ ಫೋನು ಮಾಡಿದಳು: "ನಿಮ್ ಮಾವುನ್ನ ಏನಾದ್ರೂ ಮಾಡಪ್ಪ. ಕಾಲ್ ಮುರ್ದ್ರೂ ಚೇಷ್ಟೆ ಮುರೀಲಿಲ್ಲ." ಮಂಜು ವಳ್ಳೂರಿನ ಹತ್ತಿರ ಸೋಲಾರ್ ಪಾರ್ಕಿನಲ್ಲಿ ಎಂಜಿನಿಯರು. ಭಾನುವಾರ ತನ್ನ ಆಟದ ಪೆಟ್ಟಿಗೆ ತಂದು ನಮ್ಮ ಟಿವಿಗೆ ಸಿಕ್ಕಿಸಿ, "ಮಾವ, ಇದ್ರೊಳಗೆ ಎಷ್ಟು ಜನಕ್ಕೆ ಬೇಕಾದ್ರೂ ಕಾಟ ಕೊಡಿ. ಯಾರೂ ಎದ್ದು ಬಂದು ಅತ್ತೆ ಹತ್ರ ಕಂಪ್ಲೇಂಟ್ ಹೇಳಲ್ಲ" ಅಂದ. ಅಳಿಯನ ಆ ಮಾತು ಅರ್ಧ ಸುಳ್ಳಾಯಿತು, ಅದು ಬೇರೆ ವಿಷಯ.

ಮೊದಮೊದಲು ನಾನು ಆಡಿದ್ದನ್ನು ಆಟ ಅನ್ನಬಾರದು. ಟಿವಿಯಲ್ಲಿ ಯಾವುದೋ ದೇಶದ ಕೋಟೆ, ಕಿಟಕಿಯಲ್ಲಿ ನಮ್ಮ ಮಧುಗಿರಿ ಕೋಟೆ. ಎರಡರಲ್ಲಿ ಹತ್ತಬಹುದಾದದ್ದು ಟಿವಿಯದೇ ಅಂತ ಉಮೇದಿನಲ್ಲಿ ಹೆಬ್ಬಾಗಿಲಿಗೇ ನುಗ್ಗಿದೆ. ಕಾವಲುಗಾರ ಕಡಿದು ಹಾಕಿದ. ಮತ್ತೆ ನುಗ್ಗಿದೆ, ಮತ್ತೆ ಕಡಿದ. ಒಂದೇ ಬೆಳಗ್ಗೆ ಹನ್ನೊಂದು ಸಲ ಸತ್ತೆ. ಅವರೆಕಾಯಿ ಸುಲಿಯುತ್ತಿದ್ದ ಜಯಮ್ಮ ತಲೆಯೆತ್ತದೆ ಕೇಳಿದಳು: "ಕದಿಯಾಕ್ ಹೋಗೋನು ಬಾಗ್ಲು ತಟ್ಕಂಡ್ ಹೋಯ್ತಾನೇನ್ರೀ?" ಮಾತು ನಾಟಿತು. ಮರುದಿನದಿಂದ ಅತಿ ಎಚ್ಚರ ಶುರುವಾಯಿತು. ಕಾವಲುಗಾರ ಕೆಮ್ಮಿದನೆಂದು ಹುಲ್ಲಿನ ಗಾಡಿಯೊಳಗೆ ಅರ್ಧ ಗಂಟೆ ಅಡಗಿ ಕೂತೆ. ಎರಡು ಹೆಜ್ಜೆ ಇಡುವುದು, ಆಟವನ್ನು ಅಲ್ಲಿಗೇ ಸೇವ್ ಮಾಡುವುದು, ಬೆವರು ಒರೆಸಿಕೊಳ್ಳುವುದು. ಜಯಮ್ಮ ಊಟಕ್ಕೆ ಕರೆದರೆ ಉತ್ತರ ಕೊಡುತ್ತಿರಲಿಲ್ಲ, ಎಲ್ಲಿ ಕಾವಲುಗಾರನಿಗೆ ಕೇಳಿಸಿಬಿಡುತ್ತದೋ ಅಂತ. ಅವಳು ತಟ್ಟೆ ತಂದು ಎದುರಿಗೆ ಕುಕ್ಕಿದರೆ ನಾನು ತುಟಿಯ ಮೇಲೆ ಬೆರಳಿಟ್ಟು "ಶ್" ಅನ್ನುತ್ತಿದ್ದೆ.

ಆಮೇಲೆ ಒಂದು ದಿನ ಅರ್ಥವಾಯಿತು. ಈ ಕಾವಲುಗಾರರು ಸುತ್ತುವುದು ಒಂದೇ ಸುತ್ತು. ಬಾವಿ, ಗೋಡೆ, ಕಂಬ, ಮತ್ತೆ ಬಾವಿ. ಇದನ್ನು ನಾನು ಮೊದಲೇ ತಿಳಿಯಬೇಕಿತ್ತು, ತಾಲ್ಲೂಕು ಆಫೀಸುಗಳಲ್ಲಿ ಜೀವಮಾನವಿಡೀ ಗುಮಾಸ್ತನಾಗಿದ್ದವನು ನಾನು. ಮಧುಗಿರಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾಹೇಬರ ಬೂಟಿನ ಸದ್ದು ಕೇಳಿದರೆ ರೆಕಾರ್ಡ್ ರೂಮಿಗೆ ಓಡುತ್ತಿದ್ದೆ. ಓಡುವವನನ್ನೇ ಅವರು ಕರೆಯುವುದು. ಶಿರಾ ದಾಟಿ ಕೊರಟಗೆರೆಗೆ ವರ್ಗವಾಗುವ ಹೊತ್ತಿಗೆ ಪಳಗಿದ್ದೆ. ಕೈಯಲ್ಲೊಂದು ಫೈಲು, ಮುಖದಲ್ಲೊಂದು ತಲೆನೋವು ಇಟ್ಟುಕೊಂಡು ಮೆಲ್ಲಗೆ ನಡೆದರೆ ಸಾಹೇಬರ ಎದುರಿನಿಂದಲೇ ಮ್ಯಾಟಿನಿಗೆ ಹೋಗಬಹುದು. ಒಬ್ಬ ಸಾಹೇಬರಂತೂ "ಪಾಪ, ಎಷ್ಟು ಓಡಾಡ್ತೀರಿ" ಅಂದು ಬಾಗಿಲು ಬೇರೆ ತೆಗೆದರು. ಈ ವಿದ್ಯೆಯನ್ನೆಲ್ಲ ಆಟಕ್ಕೆ ಇಳಿಸಿದೆ. ಒಂದೇ ತಿಂಗಳಲ್ಲಿ ಕೋಟೆಯೊಳಗೆ ಹೋಗಿ ಬಂದರೆ ದೀಪ ಅಲುಗಬಾರದು, ನಾಯಿ ಕಿವಿ ನಿಮಿರಿಸಬಾರದು, ಆ ಮಟ್ಟಕ್ಕೆ ಬಂದೆ. ಮಂಜುವಿಗೆ ಆ ಜಾಗ ದಾಟಲು ಅರ್ಧ ವರ್ಷ ಹಿಡಿದಿತ್ತಂತೆ.

ಪೂರ್ತಿ ಪಳಗಿದ ಮೇಲೆ ಒಂದು ಕೆಟ್ಟ ಕಾಲ ಬರುತ್ತದೆ. ಗೆಲ್ಲುವುದು ಬೇಜಾರಾಗುತ್ತದೆ. ಆಗ ಕಾವಲುಗಾರರನ್ನು ಆಡಿಸಲು ಶುರುಮಾಡುತ್ತೇವೆ. ಈ ಆಟದಲ್ಲಿ ಕಲ್ಲೆಸೆಯುವ ಅನುಕೂಲವಿದೆ. ಆ ಮೂಲೆಗೆ ಒಂದು ಕಲ್ಲು ಬಿಟ್ಟರೆ ಕಾವಲುಗಾರ ಸದ್ದು ಕೇಳಿ ಅಲ್ಲಿಗೆ ಹೋಗುತ್ತಾನೆ, ಬಗ್ಗಿ ನೋಡುತ್ತಾನೆ, ಏನೂ ಕಾಣದೆ ತನ್ನಷ್ಟಕ್ಕೆ ಏನೋ ಗೊಣಗಿಕೊಂಡು ವಾಪಸು ಬರುತ್ತಾನೆ. ಬಂದು ನಿಂತ ತಕ್ಷಣ ಇನ್ನೊಂದು ಕಲ್ಲು. ಒಬ್ಬನನ್ನಂತೂ ಇಡೀ ಮಧ್ಯಾಹ್ನ ಹೀಗೆ ಓಡಾಡಿಸಿದೆ. ಹೊಸಬನಾಗಿದ್ದಾಗ ಅವನು ನನಗೆ ಯಮನಂತೆ ಕಂಡಿದ್ದ, ಸ್ವಲ್ಪ ಕಲಿತ ಮೇಲೆ ಗೋಡೆ ಗಡಿಯಾರದಂತೆ, ಈಗ ಬುಗುರಿಯಂತೆ. ಇದರಾಚೆಗೆ ಇನ್ನೊಂದು ಮೆಟ್ಟಿಲಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಅದನ್ನು ತೋರಿಸಿದವನು ಓಬಳೇಶ.

ಓಬಳೇಶ ಪಾವಗಡದ ರಾಯಚರ್ಲು ಕಡೆಯವನು, ಮಾತಿನಲ್ಲಿ ತೆಲುಗು ಬೆರೆಯುತ್ತದೆ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ನಮ್ಮ ಬಸ್ ಸ್ಟ್ಯಾಂಡಿನ ಹತ್ತಿರ ಕಡ್ಲೆಕಾಯಿ ಹುರಿದು ಮಾರುತ್ತಾನೆ. ನನ್ನ ಕಾಲು ಮುರಿದಾಗಿನಿಂದ ವಾರಕ್ಕೊಂದು ಬೆಳಗ್ಗೆ ಪೊಟ್ಟಣ ಹಿಡಿದು ನೋಡಲು ಬರುತ್ತಾನೆ. ಅವನದೊಂದು ಅಭ್ಯಾಸವಿದೆ. ಕುಕ್ಕರ್ ಕೂಗಿದರೂ, ಫೋನು ಬಡಿದುಕೊಂಡರೂ, ಮೊದಲು ಪಕ್ಕದವರ ಮುಖ ನೋಡುತ್ತಾನೆ. ಅವರಿಗೂ ಕೇಳಿಸಿದೆ ಅಂತ ಖಾತ್ರಿಯಾದ ಮೇಲೆಯೇ ತನಗೆ ಕೇಳಿಸಿದ್ದನ್ನು ಒಪ್ಪಿಕೊಳ್ಳುವುದು. ಎಷ್ಟೋ ಸಲ ಅವನ ಫೋನು ಹೊಡೆದುಕೊಳ್ಳುವಾಗ ನಾನು ಬೇಕೆಂದೇ ಕಲ್ಲಿನ ಹಾಗೆ ಕೂತಿದ್ದುಂಟು. ಅವನು ಫೋನು ಎತ್ತುತ್ತಿರಲಿಲ್ಲ. ಊರಿನಲ್ಲಿ ಅವನಿಗೆ 'ಸದ್ದು ಓಬಳೇಶ' ಅಂತ ಹೆಸರು. ಇಟ್ಟವನು ನಾನೇ.

ಅವನಿಗೆ ಹೀಗಾದದ್ದು ನನ್ನಿಂದ. ಹರೆಯದಲ್ಲಿ ಅವನು ಇದೇ ಊರಿನ ಕಡ್ಲೆಕಾಯಿ ಗೋಡೌನೊಂದರ ವಾಚ್‌ಮನ್ನು. ಗೋಡೌನಿನ ಹಿಂದೆಯೇ ನನ್ನ ಬಾಡಿಗೆ ರೂಮು. ಸಂಜೆ ಆಫೀಸು ಬಿಟ್ಟ ಮೇಲೆ ನನಗೆ ಬೇರೆ ಮನರಂಜನೆ ಏನಿತ್ತು? ಕಿಟಕಿಯಿಂದ ಗೋಡೌನಿನ ಹಿಂದಿನ ತಗಡಿಗೆ ಒಂದು ಕಲ್ಲು ಬಿಡುತ್ತಿದ್ದೆ. ಓಬಳೇಶ ದೊಣ್ಣೆ ಹಿಡಿದು "ಎವರು? ಯಾವೋನ್ಲಾ ಅದು?" ಅಂತ ಓಡಿ ಬರುತ್ತಿದ್ದ. ಯಾರೂ ಇಲ್ಲ. ಹೋಗಿ ಕೂರುತ್ತಿದ್ದ. ಮತ್ತೊಂದು ಕಲ್ಲು. ಒಂದು ಬೇಸಿಗೆಯೆಲ್ಲ ಇದೇ. ಹಾಗೆ ಅವನು ಹಿಂದಕ್ಕೆ ಓಡಿದ್ದ ಒಂದು ಸಂಜೆ ಗೋಡೌನಿನ ಯಜಮಾನ ಬಂದ. ಗೇಟು ತೆರೆದಿತ್ತು, ಕುರ್ಚಿ ಖಾಲಿಯಿತ್ತು, ಹಮಾಲಿಗಳನ್ನು ಕರೆದುಕೊಂಡು ಹಿಂದಕ್ಕೇ ಬಂದ. "ಏನೋ ಸದ್ದಾಯ್ತು ಸಾಮಿ" ಅಂದ ಓಬಳೇಶ. "ದಿನಾ ನಿಂಗೊಬ್ಬುಂಗೇ ಕೇಳೋ ಸದ್ದು ಎಂಥದ್ಲಾ ಅದು?" ಅಂದ ಯಜಮಾನ. ಹಮಾಲಿಗಳು ನಕ್ಕರು. ಓಬಳೇಶ ನನ್ನ ಕಿಟಕಿಯತ್ತ ತಿರುಗಿದ: "ಗುಮಾಸ್ತ್ರೇ, ನೀವ್ ಹೇಳ್ರಿ. ನಿಮ್ಗೂ ಕೇಳಿಸ್ತಲ್ವಾ?" ನಾನು "ಇಲ್ವಲ್ಲಪ್ಪ" ಅಂದೆ. ಆವತ್ತೇ ಅವನ ಕೆಲಸ ಹೋಯಿತು. ಇಲ್ಲದ ಸದ್ದು ಕೇಳುವವನನ್ನು ಯಾವ ಗೇಟಿನಲ್ಲಿ ಕೂರಿಸುತ್ತಾರೆ? ಹೆಂಡತಿಯ ಕಡೆಯವರು ತಾಯತ ಕಟ್ಟಿಸಿದರು. ಅದು ಇವತ್ತಿಗೂ ಅವನ ತೋಳಿನಲ್ಲಿದೆ. ನಾನು ಮರುದಿನ ಹೋಟೆಲಿನಲ್ಲಿ ಕೂತು ಅವನಿಗೆ ಹೆಸರಿಟ್ಟೆ, ನಾಲ್ಕು ಟೇಬಲ್ಲು ನಗಿಸಿದೆ.

ಕಳೆದ ತಿಂಗಳು ಓಬಳೇಶ ಬಂದಾಗ ನಾನು ಆಟದಲ್ಲಿ ಒಂದು ಸಣ್ಣ ಗೇಟಿನ ಮುಂದಿದ್ದೆ. ಗೇಟಿಗೆ ಬೆನ್ನು ಕೊಟ್ಟು ಒಬ್ಬನೇ ಕಾವಲುಗಾರ. ಕಲ್ಲೆಸೆದು ಅವನನ್ನು ಆಚೆ ಕಳಿಸದೆ ಮುಂದೆ ಹೋಗಲು ದಾರಿಯೇ ಇಲ್ಲ. ಜಂಬ ತೋರಿಸಲು ಇದಕ್ಕಿಂತ ಒಳ್ಳೆ ಜಾಗ ಸಿಗದು ಅಂತ, "ನೋಡ್ಲೇ ಓಬಳೇಶ, ಇವುನ್ನ ಹೆಂಗೆ ಕುಣಿಸ್ತೀನಿ" ಅಂದು ಒಂದು ಕಲ್ಲು ಬಿಟ್ಟೆ. ಕಾವಲುಗಾರ ಹೋದ. "ಚೂಡಪ್ಪಾ, ಹೊಂಟೇಬುಟ್ಟ!" ಅಂತ ಓಬಳೇಶ ಮಗುವಿನ ಹಾಗೆ ನಕ್ಕ. ಕಾವಲುಗಾರ ಹುಡುಕಿ, ಗೊಣಗುತ್ತಾ ವಾಪಸು ಬಂದ.

"ಏನಂತಾನೆ ಅವ್ನು?"

"'ಏನೂ ಇಲ್ಲ, ನನ್ನ ಭ್ರಮೆ' ಅಂತಾನೆ."

ಓಬಳೇಶ ಸಿಪ್ಪೆ ಬಿಡಿಸುತ್ತಿದ್ದ ಕೈ ನಿಲ್ಲಿಸಿದ. "ಭ್ರಮೆ ಎಂಗಾಯ್ತದೆ? ನೀವು ಎಸೆದ್ರಲ್ಲ?"

"ಅದು ಅವ್ನಿಗೆ ಗೊತ್ತಿಲ್ವಲ್ಲೋ."

"ಇನ್ನೊಂದ್ಸಲ ಎಸೀರಿ."

ಎಸೆದೆ. ಓಬಳೇಶ ಟಿವಿಯ ಹತ್ತಿರ ಹೋಗಿ ನಿಂತು, ಕಾವಲುಗಾರ ಹೋಗುವುದನ್ನು, ಬಗ್ಗುವುದನ್ನು, ತಲೆ ತಗ್ಗಿಸಿಕೊಂಡು ಬರುವುದನ್ನು ನೋಡಿದ. "ಇವ್ನ ಕಿವಿ ಸರಿಯಾಗೇ ಐತೆ ಗುಮಾಸ್ತ್ರೇ. ಸದ್ದಾಯ್ತು, ಹೋಗ್ ನೋಡ್ದ. ಇವ್ನದೇನ್ ತಪ್ಪೈತೆ?" ಅಂದ. ಆಮೇಲೆ ನನ್ನ ಕಡೆ ತಿರುಗದೆ ಕೇಳಿದ: "ಆ ಗೋಡೌನಾಗೆ ನಂಗೂ ಯಾರಾರ ಇಂಗೇ ಎಸ್ದಿರಬೌದಾ?"

ಅವನ ದನಿಯಲ್ಲಿ ಅನುಮಾನವಿದ್ದಿದ್ದರೆ ನನಗೆ ಸಲೀಸಾಗುತ್ತಿತ್ತು, ಜಗಳವಾಡಿ ಗೆಲ್ಲುತ್ತಿದ್ದೆ. ಆದರೆ ಇದ್ದದ್ದು ಆಸೆ. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅವನಿಗೆ ಕೆಲಸ ಬೇಕಿರಲಿಲ್ಲ, ಯಜಮಾನನ ಕ್ಷಮೆ ಬೇಕಿರಲಿಲ್ಲ. ಅವನ ಎರಡು ಕಿವಿ ಅವನಿಗೆ ವಾಪಸು ಬೇಕಿತ್ತು. ಅವು ನನ್ನ ಹತ್ತಿರವಿದ್ದವು.

"ಎಸೆದೋನು ನಾನೇ ಕಣೋ ಓಬಳೇಶ" ಅಂದೆ. ಅವನು ನನ್ನನ್ನೇ ನೋಡಿದ. ದೊಣ್ಣೆ ಇದ್ದಿದ್ದರೆ ಇನ್ನೊಂದು ಮೊಣಕಾಲೂ ಹೋಗುತ್ತಿತ್ತೇನೋ. ಆಮೇಲೆ ಅವನ ಮುಖ ನಿಧಾನವಾಗಿ ಬಿಚ್ಚಿಕೊಂಡಿತು. ಅಡುಗೆಮನೆಯ ಕಡೆ ತಿರುಗಿ, "ಕೇಳಿಸ್ತೇನಮ್ಮಾ? ನನ್ ಕಿವಿ ಸರಿಯಾಗೈತಂತೆ!" ಅಂತ ಕೂಗಿದ. "ಸರಿಯಾಗಿಲ್ಲ ಅಂದೋರ್ಯಾರಣ್ಣ?" ಅಂದಳು ಒಳಗಿನಿಂದ ಜಯಮ್ಮ. ಅವನು ತೋಳಿನ ತಾಯತ ಕಿತ್ತು ನನ್ನ ತೊಡೆಯ ಮೇಲೆ ಹಾಕಿ, "ನೀವೇ ಕಟ್ಕಳ್ರಿ" ಅಂದು ನಗುತ್ತಾ ಹೋದ.

ಆವತ್ತಿನಿಂದ ಆ ಗೇಟಿನಲ್ಲೇ ಇದ್ದೇನೆ. ಕಾವಲುಗಾರ ಬೆನ್ನು ಕೊಟ್ಟು ನಿಂತಿರುತ್ತಾನೆ, ಆಗಾಗ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಾನೆ. ನನ್ನ ಹೆಬ್ಬೆರಳು ಕಲ್ಲಿನ ಗುಂಡಿಯ ಮೇಲೆ ಹೋಗುತ್ತದೆ, ಒತ್ತುವುದಿಲ್ಲ. ಮೊನ್ನೆ ಮಂಜು ಫೋನು ಮಾಡಿ, "ಮಾವ, ಎಲ್ಲೀವರ್ಗೂ ಬಂತು?" ಅಂದ. "ಮುಗಿಸಿಬಿಟ್ಟೆ" ಅಂದೆ. ಜಯಮ್ಮನಿಗೆ ಮಾತ್ರ ಗುಮಾನಿ. "ಏನ್ರೀ ಇದು, ಯಾವಾಗ್ ನೋಡುದ್ರೂ ಆವಯ್ಯನ ಬೆನ್ನೇ ನೋಡ್ತಾ ಕುಂತಿರ್ತೀರಲ್ಲ?"

ನಂಬುವುದಿಲ್ಲ ಅಂದಿದ್ದೆ, ನೀವು ನಂಬಿಬಿಟ್ಟಿರಿ. ಇರಲಿ. ಇದರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ. ಸಿದ್ದರಬೆಟ್ಟದ ಕೋತಿ ನಿಜ, ಎಮ್ಮೆ ತಂದಿದ್ದೇವೆ ಅಂತ ಹಾಲಿನವನಿಗೆ ಹೇಳಿದ್ದು ನಿಜ, ಗೋಡೌನಿನ ತಗಡು ನಿಜ, ಕಿಟಕಿಯಲ್ಲಿ ನಿಂತು "ಇಲ್ವಲ್ಲಪ್ಪ" ಅಂದದ್ದೂ ನಿಜ. ಎಸೆದವನು ನಾನೇ ಅಂತ ಓಬಳೇಶನಿಗೆ ಹೇಳಿದೆ ಅಂದೆನಲ್ಲ, ಅದು ಸುಳ್ಳು. ಅದರ ಬಾಲಕ್ಕೆ ಕಟ್ಟಿದ ನಗು, ತಾಯತ ಎಲ್ಲ ಅದಕ್ಕೇ ಸೇರಿದ್ದು. ಅವನು ಕೇಳಿದಾಗ ನಾನು ಅಂದದ್ದು ಇಷ್ಟೇ: "ಥೂ, ಇದು ಆಟ ಕಣೋ. ಆಟದಾಗೆ ಏನೇನೋ ಎಸೀತಾರೆ. ಕಾಫಿ ಆರೋಯ್ತದೆ, ಕುಡಿ."

"ಅದೂ ಸರಿ ಬುಡಿ" ಅಂದು ಓಬಳೇಶ ಲೋಟ ಎತ್ತಿಕೊಂಡ.