ನನ್ನ ಕಾಲ್ಗುಣ ಮತ್ತು ಒಂದು ಪಾಯಿಂಟು

ಬ್ಯಾಸ್ಕೆಟ್‌ಬಾಲ್ ಟೂರ್ನಿ ಗೆಲ್ಲುವುದು ಪ್ರತಿಭೆಯಿಂದಲೋ ಅದೃಷ್ಟದಿಂದಲೋ ಎಂದು ಹೋದ ವರ್ಷ ಯಾರಾದರೂ ಕೇಳಿದ್ದರೆ ನನ್ನ ಬಳಿ ಖಚಿತವಾದ ಉತ್ತರವಿತ್ತು: ನನ್ನಿಂದ!

ನಾನು ಗೋಕಾಕದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು. ಆಟಕ್ಕೂ ನನಗೂ ಇದ್ದ ಸಂಬಂಧ ಬಹಳ ಸರಳ. ಮೈದಾನದ ಪಕ್ಕದಲ್ಲಿ ನಡೆಯುವಾಗ ಚೆಂಡು ಹಾರಿ ಬಂದರೆ ತಲೆ ತಗ್ಗಿಸುತ್ತಿದ್ದೆ, ಅಷ್ಟೇ. ಹೋದ ವರ್ಷ ನಮ್ಮ ಹುಡುಗಿಯರ ತಂಡದ ಫೈನಲ್ ಮೂಡಲಗಿಯಲ್ಲಿತ್ತು. ಅದೇ ದಿನ ಅಲ್ಲೇ ನಮ್ಮ ಸಂಬಂಧಿಕರ ಮನೆಯ ವಾಸ್ತುಶಾಂತಿಯೂ ಇತ್ತು. ಹೋಳಿಗೆ ಉಂಡವನು ಹೊಟ್ಟೆ ಹಗುರಾಗಲಿ ಎಂದು ನಡೆಯುತ್ತ ಮೈದಾನಕ್ಕೆ ಹೋದೆ. ನಮ್ಮವರು ಸೋಲುತ್ತಿದ್ದರು. ಏನಾದರೂ ಹೇಳಬೇಕಲ್ಲ ಎಂದು "ಪಾಸ್ ಮಾಡ್ರಿ!" ಎಂದು ಕೂಗಿದೆ. ಅವರು ಪಾಸ್ ಮಾಡಿದರು. ಆಟ ತಿರುಗಿತು. ಕೊನೆಯ ಗಳಿಗೆಯಲ್ಲಿ ರೇಣುಕಾ ಎಸೆದ ಚೆಂಡು ರಿಂಗಿನ ಮೇಲೆ ಎರಡು ಸಲ ಕುಣಿದು, ಸ್ವಲ್ಪ ಯೋಚನೆ ಮಾಡಿ, ಒಳಗೆ ಬಿತ್ತು. ನಾವು ಚಾಂಪಿಯನ್!

ನನ್ನ ಸಲಹೆಯಿಂದಲೇ ಗೆದ್ದದ್ದೆಂದು ನಾನು ತಿಳಿದೆ. ಕಾಲೇಜಿನವರು ಬೇರೆಯೇ ತಿಳಿದರು. ನಾನು ಮೈದಾನಕ್ಕೆ ಕಾಲಿಟ್ಟೆ, ಆಟ ತಿರುಗಿತು. ಆದ್ದರಿಂದ ಇದು ನನ್ನ ಕಾಲ್ಗುಣ! ನಮ್ಮ ಕಡೆ ಕಾಲ್ಗುಣದ ಲೆಕ್ಕಾಚಾರವೇ ಹಾಗೆ. ಸೊಸೆ ಮನೆಗೆ ಬಂದ ವಾರದಲ್ಲಿ ಎಮ್ಮೆ ಕರು ಹಾಕಿದರೆ ಅದು ಸೊಸೆಯ ಕಾಲ್ಗುಣ. ಎಮ್ಮೆ ಪಟ್ಟ ಕಷ್ಟವನ್ನು ಯಾರೂ ಕೇಳುವುದಿಲ್ಲ. ನನಗಂತೂ ಬೇಸರವಾಯಿತು. ತಲೆಯಲ್ಲಿದ್ದ ಪ್ರತಿಭೆಯನ್ನು ಇವರು ಪಾದಕ್ಕೆ ಇಳಿಸಿಬಿಟ್ಟರಲ್ಲ!

ಈ ವರ್ಷ ಟೂರ್ನಿ ಹುಕ್ಕೇರಿಯಲ್ಲಿ. ತಂಡವನ್ನು ನಿಜವಾಗಿ ತಯಾರು ಮಾಡಿದವರು ನಮ್ಮ ಪಿ.ಡಿ. ಸರ್, ಅಂದರೆ ದೈಹಿಕ ಶಿಕ್ಷಣ ನಿರ್ದೇಶಕರು. ಸರಿಯಾಗಿ ಅದೇ ಹೊತ್ತಿಗೆ ಅವರ ಮಗಳ ಹೆರಿಗೆ ಬಂತು. ಪ್ರಿನ್ಸಿಪಾಲರು ನನ್ನನ್ನು ಕರೆದರು.

"ಮ್ಯಾನೇಜರ್ ಆಗಿ ನೀವ ಹೋಗ್ರಿ. ನಿಮ್ಮ ಕಾಲ್ಗುಣ ಛಲೋ ಐತಿ."

"ಸರ್, ಗೆಲ್ಲೋದು ಕಾಲ್ಗುಣದಿಂದಲ್ರಿ, ಪ್ರತಿಭೆಯಿಂದ" ಎಂದೆ.

"ಅದೂ ಖರೇನ. ಪ್ರತಿಭೆ ಹುಡುಗ್ಯಾರ ಕಡೆ ಐತಿ. ನೀವು ಕಾಲು ತಗೊಂಡು ಹೋಗ್ರಿ ಸಾಕು" ಎಂದರು.

ಪಿ.ಡಿ. ಸರ್ ಫೋನಿನಲ್ಲಿ ಒಂದೇ ಸೂಚನೆ ಕೊಟ್ಟರು. "ಸರ್, ಎಲ್ಲಾ ರೇಣುಕಾಗ ಗೊತ್ತೈತಿ. ನೀವು ಬೆಂಚ್ ಮ್ಯಾಲೆ ಸುಮ್ಮನ ಕೂಡ್ರಿ."

ಇದನ್ನು ನನ್ನ ಹೆಂಡತಿ ಶೈಲಾಗೆ ಹೇಳಿ ಸಿಡಿಮಿಡಿಗೊಂಡೆ. ಅವಳು ರೊಟ್ಟಿ ತಟ್ಟುತ್ತಲೇ, "ಇರೋದ್ರಾಗ ಅದ ಕಷ್ಟದ ಕೆಲಸಾ ನಿಮಗ ಕೊಟ್ಟಾರ ನೋಡ್ರಿ" ಎಂದಳು.

ಇಲ್ಲಿ ರೇಣುಕಾಳ ವಿಷಯ ಹೇಳಬೇಕು. ಮಸಗುಪ್ಪಿಯ ಹುಡುಗಿ, ಬಿ.ಎ. ಕೊನೆಯ ವರ್ಷ, ತಂಡದ ನಾಯಕಿ. ಹುಕ್ಕೇರಿಯ ಆಟ ನೋಡಿ ವಿಶ್ವವಿದ್ಯಾಲಯದ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವವರಿದ್ದರು; ಸಾಮಾನ್ಯವಾಗಿ ಗೆದ್ದ ತಂಡದವರಿಗೇ ಮಣೆ. ಅವಳ ಅಪ್ಪನ ತೀರ್ಮಾನ ಸ್ಪಷ್ಟವಾಗಿತ್ತು: ಆಯ್ಕೆಯಾದರೆ ಮುಂದೆ ಬಿ.ಪಿ.ಎಡ್. ಓದಿ ಆಟದ ಟೀಚರ್ ಆಗು. ಇಲ್ಲದಿದ್ದರೆ ಮೂಡಲಗಿಯಲ್ಲಿ ಸೋದರಮಾವನ ಬೀಜ–ಗೊಬ್ಬರದ ಅಂಗಡಿಯಲ್ಲಿ ಕೂತುಕೋ. ಅಂಗಡಿ ಕೆಟ್ಟದ್ದೇನಲ್ಲ. ಆದರೆ ಚೆಂಡು ಹಿಡಿದಾಗ ಆ ಹುಡುಗಿಯ ಮುಖ ನೋಡಿದವರು ಯಾರೂ ಅವಳನ್ನು ಯೂರಿಯಾ ಚೀಲಗಳ ನಡುವೆ ಕೂರಿಸಲು ಒಪ್ಪುತ್ತಿರಲಿಲ್ಲ. ನಾನೂ ಒಪ್ಪಿರಲಿಲ್ಲ. ಅವಳಿಗಾಗಿ ಗೆಲ್ಲಲೇಬೇಕೆಂದು ನಿಶ್ಚಯಿಸಿದೆ. ನನ್ನ ನಿಶ್ಚಯಗಳಿಂದ ಈವರೆಗೆ ಯಾರಿಗೂ ಒಳ್ಳೆಯದಾಗಿಲ್ಲ ಎಂಬುದು ಆಗ ನೆನಪಾಗಲಿಲ್ಲ.

ಕ್ರೂಸರ್ ಗಾಡಿಯಲ್ಲಿ ಧುಪದಾಳ ದಾಟಿ ಹುಕ್ಕೇರಿಗೆ ಹೊರಟೆವು. ದಾರಿಯುದ್ದಕ್ಕೂ ಹುಡುಗಿಯರಿಗೆ ಪ್ರತಿಭೆಯ ಬಗ್ಗೆ ಉಪನ್ಯಾಸ ಕೊಟ್ಟೆ. ಅರ್ಧ ತಂಡ ನಿದ್ದೆ ಹೋಯಿತು. ವಿಶ್ರಾಂತಿ ಆಟಗಾರರಿಗೆ ಒಳ್ಳೆಯದು ಎಂದು ಸಮಾಧಾನ ಮಾಡಿಕೊಂಡೆ. ಆ ದಿನದ ಸೆಮಿಫೈನಲ್‌ನಲ್ಲಿ ನಾನು ಬೆಂಚಿನ ಮೇಲೆ ಸುಮ್ಮನೆ ಕೂತೆ, ನಾವು ಸಲೀಸಾಗಿ ಗೆದ್ದೆವು. ಬುದ್ಧಿವಂತನಾದವನು ಇದರಿಂದ ಏನಾದರೂ ಕಲಿಯುತ್ತಿದ್ದ.

ಮರುದಿನ ಫೈನಲ್. ಗಾಡಿ ಮೈದಾನದ ಮುಂದೆ ನಿಂತಿತು. ಡ್ರೈವರ್ ಬಸು ಇಳಿದು ಬಂದು ನನ್ನ ಬಾಗಿಲು ತೆಗೆದು ಕೈಮುಗಿದ.

"ಸರ್, ಬಲಗಾಲು ಮೊದಲ ಇಡ್ರಿ."

ಒಳಗಿಂದ ಹುಡುಗಿಯರೂ ಕೂಗಿದರು. "ಹೌದ್ ಸರ್, ಬಲಗಾಲು! ಬಲಗಾಲು!"

ನನ್ನೊಳಗಿನ ವಿಚಾರವಾದಿ ಎದ್ದು ಕೂತ. ಇಷ್ಟು ಉಪನ್ಯಾಸ ಕೊಟ್ಟದ್ದು ನೀರಲ್ಲಿ ಹೋಮ ಮಾಡಿದಂತಾಯಿತಲ್ಲ! ಮೂಢನಂಬಿಕೆಯ ಬೇರನ್ನೇ ಕಿತ್ತೊಗೆಯುವೆನೆಂದು, ಎಲ್ಲರೂ ನೋಡುವಂತೆ, ಎಡಗಾಲನ್ನು ಎತ್ತಿ ಘನವಾಗಿ ಕೆಳಗಿಟ್ಟೆ.

ಕೆಳಗೆ ರಾಡಿ ಇತ್ತು.

ಬಲಗಾಲಿನ ಕಡೆ ಒಣ ನೆಲ, ಎಡಗಾಲಿನ ಕಡೆ ನಲ್ಲಿ ನೀರು ನಿಂತ ಕೆಸರು. ಕಾಲು ಮೊಣಕಾಲಿನವರೆಗೆ ಇಳಿಯಿತು. ಎಳೆದರೆ ಕಾಲು ಬಂತು, ಬೂಟು ಬರಲಿಲ್ಲ. ಬಸು ಕೆಸರು ತುಂಬಿದ ಬೂಟನ್ನು ಕಿತ್ತು ತೆಗೆದು, ತನ್ನ ರಬ್ಬರ್ ಚಪ್ಪಲಿ ಕೊಟ್ಟ. ಬಸು ಆರಡಿ ಆಳು. ಅವನ ಚಪ್ಪಲಿಯಲ್ಲಿ ನನ್ನ ಪಾದ ಎರಡು ಸಂಸಾರ ಹಿಡಿಸುವ ಮನೆಯಲ್ಲಿ ಒಂಟಿ ಬಾಡಿಗೆದಾರನ ಹಾಗಿತ್ತು. ಹಾಗೇ ಟಪಟಪ ಸದ್ದು ಮಾಡುತ್ತ ಹೋಗಿ ಬೆಂಚಿನ ಮೇಲೆ ಕೂತೆ.

ಆಟ ಭಾರಿ ಜಿದ್ದಿನದು. ಅವರು ಒಂದು ಬುಟ್ಟಿ ಹಾಕಿದರೆ ನಾವೊಂದು. ಮಧ್ಯಂತರದ ವಿರಾಮದಲ್ಲಿ ರೇಣುಕಾ ಗೆಳತಿಯರಿಗೆ ಏನೋ ಹೇಳಲು ಬಂದಳು. ಅಷ್ಟರಲ್ಲಿ ನಾನು ಮಾತು ಶುರು ಮಾಡಿದ್ದೆ. ನಾನು ಮುಗಿಸುವುದರೊಳಗೆ ವಿರಾಮವೇ ಮುಗಿಯಿತು. ಅವಳು ನನ್ನನ್ನೊಮ್ಮೆ ನೋಡಿ ಅಂಕಣಕ್ಕೆ ಓಡಿದಳು.

ಕೊನೆಯ ನಿಮಿಷ ಬಂತು. ಸಮ ಸಮ. ಚೆಂಡು ನಮ್ಮವರ ಕೈಯಲ್ಲಿ. ನನಗೆ ಹೋದ ವರ್ಷದ ಮಂತ್ರ ನೆನಪಾಯಿತು. ಎದ್ದು ನಿಂತು, "ಪಾಸ್ ಮಾಡ್ರಿ!" ಎಂದು ಕೂಗುತ್ತ ಕಾಲು ಝಾಡಿಸಿದೆ. ಬಸುವಿನ ಚಪ್ಪಲಿ ಪಾದ ಬಿಟ್ಟು ಹಾರಿ ಅಂಕಣದೊಳಗೆ ಹೋಗಿ ಬಿತ್ತು. ಯಾರಾದರೂ ಎಡವಿ ಬಿದ್ದಾರೆಂದು, ಪ್ರಾಮಾಣಿಕವಾಗಿ ಅದೊಂದೇ ಕಾಳಜಿಯಿಂದ, ಗೆರೆ ದಾಟಿ ಒಳಗೆ ನುಗ್ಗಿದೆ.

ಸೀಟಿ!

ಆಟ ನಡೆಯುವಾಗ ಬೆಂಚಿನವರು ಅಂಕಣಕ್ಕೆ ಕಾಲಿಡುವಂತಿಲ್ಲವಂತೆ. ಟೆಕ್ನಿಕಲ್ ಫೌಲ್. ಶಿಕ್ಷೆಯೆಂದರೆ ಎದುರು ತಂಡಕ್ಕೆ ಅಡ್ಡಿಯಿಲ್ಲದ ಒಂದು ಎಸೆತ. ಗುಂಪಿನಲ್ಲಿ ಯಾರೋ, "ಆ ಚಪ್ಲಿ ಸರನ್ನ ಹೊರಗ ಹಾಕ್ರಿ!" ಎಂದು ಕೂಗಿದರು. ನಮ್ಮ ಹುಡುಗಿಯರು ಅಳುವ ಹಂತಕ್ಕೆ ಬಂದರು. ನಾನು ಒಂಟಿ ಚಪ್ಪಲಿಯನ್ನು ಎದೆಗವಚಿಕೊಂಡು ಅಂಕಣದ ನಡುವೆ ನಿಂತಿದ್ದೆ. ರೇಣುಕಾ ಬಂದು ನನ್ನ ಮೊಣಕೈ ಹಿಡಿದು ಬೆಂಚಿಗೆ ಕರೆತಂದಳು. "ಏನ್ ಆಗಿಲ್ರಿ ಸರ್. ನೀವು ಇಲ್ಲೇ ಕೂಡ್ರಿ. ಏಳಬ್ಯಾಡ್ರಿ" ಎಂದಳು. ಆಮೇಲೆ ಗೆಳತಿಯರ ಕಡೆ ತಿರುಗಿ, "ಅಳೋದು ಆಮ್ಯಾಲೆ. ಬಾಲ್ ಇನ್ನೂ ನಮ್ಮ ಕಡೆನ ಐತಿ" ಎಂದಳು.

ಅವರ ಎಸೆತ ಒಳಗೆ ಬಿತ್ತು. ಅವರು ಒಂದು ಪಾಯಿಂಟ್ ಮುಂದೆ. ನಂತರ ಚೆಂಡು ರೇಣುಕಾಳಿಗೆ ಬಂತು. ಅದೇ ಹುಡುಗಿ, ಅದೇ ಕೈ, ಹೋದ ವರ್ಷದ್ದೇ ಎಸೆತ. ಚೆಂಡು ರಿಂಗಿನ ಮೇಲೆ ಎರಡು ಸಲ ಕುಣಿಯಿತು. ಈ ಸಲವೂ ಸ್ವಲ್ಪ ಯೋಚನೆ ಮಾಡಿತು. ಹೊರಗೆ ಬಿತ್ತು.

ಒಂದು ಪಾಯಿಂಟಿನಿಂದ ಸೋತೆವು. ಆ ಪಾಯಿಂಟ್ ಯಾರದೆಂದು ಇಡೀ ಹುಕ್ಕೇರಿಗೆ ಗೊತ್ತಿತ್ತು.

ಮೈದಾನದ ಹಿಂದಿನ ಮೆಟ್ಟಿಲ ಮೇಲೆ ಹೋಗಿ ಕೂತೆ. ಎರಡು ವರ್ಷ, ಒಂದೇ ಎಸೆತ, ಒಂದು ಒಳಗೆ, ಒಂದು ಹೊರಗೆ. ನಡುವಿನ ಅಂತರ ಬೆರಳಿನಷ್ಟೂ ಇರಲಿಲ್ಲ. ಚೆಂಡನ್ನು ರಿಂಗಿನವರೆಗೆ ತಲುಪಿಸಲು ಆ ಹುಡುಗಿ ವರ್ಷಗಟ್ಟಲೆ ಬೆವರು ಸುರಿಸಿದ್ದಳು. ರಿಂಗಿನ ಮೇಲೆ ಕುಣಿಯುವ ಆ ಗಳಿಗೆ ಮಾತ್ರ ಯಾರ ಕೈಯಲ್ಲೂ ಇಲ್ಲ. ಆ ಗಳಿಗೆಗೇ ನಾವು ಹಾರ ಹಾಕುತ್ತೇವೆ, ಇಲ್ಲವೇ ಬೈಯುತ್ತೇವೆ. ಹೋದ ವರ್ಷ ಆ ಹಾರದಲ್ಲಿ ನಾನೂ ಕತ್ತು ತೂರಿಸಿದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

ರೇಣುಕಾ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು. ಕಣ್ಣು ಕೆಂಪಾಗಿತ್ತು. ಹೋಗಿ, "ತಪ್ಪಾತವ್ವಾ" ಎಂದೆ.

"ಬಿಡ್ರಿ ಸರ್. ಹೋದ ವರ್ಷ ಬಾಲ್ ಒಳಗ ಬಿತ್ತು, ಯಾಕ ಬಿತ್ತು ಅಂತ ನಾ ಕೇಳಿದ್ದಿಲ್ಲ. ಈಗ ಯಾಕ ಕೇಳ್ಲಿ?" ಎಂದಳು. ಮುಖ ಒರೆಸಿಕೊಳ್ಳುತ್ತ, "ಮಾವನ ಅಂಗಡ್ಯಾಗ ಫ್ಯಾನ್ ಐತ್ರಿ, ಛಲೋ ಗಾಳಿ ಬರ್ತೈತಿ" ಎಂದು ನಗಲು ನೋಡಿದಳು. ನಗು ಬರಲಿಲ್ಲ.

ಬಹುಮಾನ ವಿತರಣೆಯಾದ ಮೇಲೆ ಆಯ್ಕೆ ಸಮಿತಿಯ ಮೇಡಂ ಒಬ್ಬರು ಹೆಸರು ಓದಿದರು. ಗೆದ್ದ ತಂಡದವರ ಹೆಸರುಗಳೇ ಒಂದರ ಹಿಂದೆ ಒಂದು ಬಂದವು. ಕೊನೆಯ ಹೆಸರು ರೇಣುಕಾಳದು! ನಮ್ಮ ಹುಡುಗಿಯರು ಅವಳನ್ನು ಎತ್ತಿಕೊಂಡು ಕುಣಿದರು. ನಾನೂ ಕುಣಿಯಲು ಹೊರಟೆ. ಬಸು ಚಪ್ಪಲಿ ನೋಡಿ ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ.

ತಡೆಯಲಾರದೆ ಮೇಡಂ ಹತ್ತಿರ ಹೋಗಿ ಕೇಳಿದೆ. "ಸೋತ ತಂಡದಾಕಿನ್ನ ಹೆಂಗ ಆರಿಸಿದ್ರಿ?"

ಅವರು ನನ್ನನ್ನು ಮೇಲಿನಿಂದ ಕಾಲಿನವರೆಗೆ ನೋಡಿದರು.

"ಬಾಲ್ ಹಾಕೋ ಹುಡುಗ್ಯಾರು ಭಾಳ ಮಂದಿ ಸಿಗ್ತಾರ್ರಿ. ಆದ್ರ ಕೊನೀ ನಿಮಿಷದಾಗ ಇಂಥಾ ಮ್ಯಾನೇಜರನ್ನ ಕೈ ಹಿಡದು ಕೂಡ್ಸಿ, ತಲಿ ತಣ್ಣಗ ಇಟ್ಕೊಂಡು ಆಡಿದಾಕಿನ್ನ ನಾ ಇವತ್ತ ನೋಡಿದ್ದು."

ಮನೆಗೆ ಬಂದು ಶೈಲಾಗೆ ಎಲ್ಲವನ್ನೂ ಹೇಳಿದೆ. ಕೊನೆಗೆ ಸ್ವಲ್ಪ ಧೈರ್ಯ ಬಂದು, "ಅಂದ್ರ, ಒಂದು ಲೆಕ್ಕದಾಗ, ಆಕಿ ನನ್ನಿಂದನ ಆರಿಸಿ ಬಂದ್ಲು, ಹೌದಿಲ್ಲೊ?" ಎಂದೆ.

"ಹೌದ್ರಿ. ನಿಮ್ಮನ್ನ ಒಂದು ನಿಮಿಷ ಸಂಭಾಳಿಸಿದಾಕಿಗೆ ವಿಶ್ವವಿದ್ಯಾಲಯದ ತಂಡ ಸಿಕ್ತು" ಎಂದು ಶೈಲಾ ನನ್ನ ತಟ್ಟೆಗೆ ರೊಟ್ಟಿ ಹಾಕಿದಳು. "ಇಷ್ಟು ವರ್ಷ ಸಂಭಾಳಿಸಿದಾಕಿಗೆ ಯಾವ ತಂಡ ಕೊಡ್ತಾರ, ಆ ಮೇಡಮ್ಮಗ ಒಂದಿಷ್ಟು ಕೇಳ್ರಿ."

ನಾನು ಸುಮ್ಮನೆ ಕೂತು ಉಂಡೆ.